ಕಣ್ಣು ಹೊಂದುವ ತನಕ

ಐದು ನಿಮಿಷ ಸುಮ್ಮನೆ ಕೂಡಬೇಕು, ಇದು ನಿಯಮ.
ಬಾಗಿಲ ಮೇಲೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದಿದೆ:
ಕಣ್ಣು ಕತ್ತಲೆಗೆ ಹೊಂದುವ ತನಕ ತುಣುಕು ಮುಟ್ಟಬೇಡಿ.
ಹೊರಗೆ ಜುಲೈ ತಿಂಗಳ ಬೆಳಗಾವಿ, ಜಿಟಿಜಿಟಿ,
ಕ್ಯಾಂಟೀನಿನ ತಗಡಿನ ಮೇಲೆ ಎಂಟು ದಿನದಿಂದ ಒಂದೇ ಸದ್ದು.
ಒಳಗೆ ನಾನು, ನೇರಳೆ ದೀಪ,
ಟ್ರೇಯಲ್ಲಿ ಹನ್ನೆರಡು ಅಲಗು,
ಯಾವುದೋ ವಿಮಾನದ ಎದೆಯೊಳಗೆ ತಿರುಗಬೇಕಾದವು.

ಐದು ನಿಮಿಷ ದೊಡ್ಡದು.
ಮೊದಲು ಏನೂ ಇಲ್ಲ.
ಆಮೇಲೆ ಕೈಗವಸಿನ ಹೊಲಿಗೆ ಹೊಳೆಯುತ್ತದೆ,
ಆಮೇಲೆ ಅಂಗಿಯ ಗುಂಡಿ.
ಹಲ್ಲೂ ಹೊಳೆಯುತ್ತವಂತೆ; ಒಬ್ಬಳೇ ಇದ್ದಾಗ ನಗುವುದಿಲ್ಲ ನಾನು.

ಬಣ್ಣದ ಎಣ್ಣೆ ಎಲ್ಲ ಕಡೆ ತೊಳೆದುಹೋಗಿ
ಗಾಯದಲ್ಲಿ ಮಾತ್ರ ಉಳಿದಿರುತ್ತದೆ.
ಹಸಿರು ಗೆರೆ ಕಂಡರೆ ಬಿರುಕು.
ಏಳು ವರ್ಷದಲ್ಲಿ ನಲವತ್ತೊಂದು ಹಿಡಿದಿದ್ದೇನೆ.
ಹಿಡಿದದ್ದಕ್ಕೆ ರಜಿಸ್ಟರಿದೆ.
ತಪ್ಪಿಸಿಕೊಂಡದ್ದಕ್ಕೆ?

ಅಪ್ಪ, ತವನಪ್ಪ, ಉದ್ಯಮಬಾಗದಲ್ಲಿ ಮೌಲ್ಡರ್.
ಮರಳಿಗೆ ಕಾಕಂಬಿ ಕಲಸಿ ಅಚ್ಚು ಕಟ್ಟಿ
ಪಂಪಿನ ಬೀಡು ಎರಕ ಹೊಯ್ದವ.
ಮನೆಗೆ ಬಂದರೆ ಕೈಗೆ ಸುಟ್ಟ ಬೆಲ್ಲದ ವಾಸನೆ,
ಗೂಟಕ್ಕೆ ಹಾಕಿದ ಅಂಗಿಗೆ ರಾತ್ರಿಯೆಲ್ಲ ಇರುವೆ.
ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ:
‘ಠಣ್ ಅಂದ್ರ ಗಟ್ಟಿ, ಠಪ್ ಅಂದ್ರ ಒಡದದ್ದು.
ಸಂತ್ಯಾಗ ಗಡಗಿ ಬಡದು ತಗೋತಾರಲ್ಲ, ಹಂಗ.’
ನನಗೆ ಈ ನೌಕರಿ ಸಿಕ್ಕ ದಿನ ಕೇಳಿದ,
‘ಅಲ್ಲೂ ಬಡದು ನೋಡ್ತಾರೇನವಾ?’
‘ಅಪ್ಪಾ, ಅದು ವಿಮಾನದ್ದು,’ ಎಂದು ನಕ್ಕೆ.
ಆ ನಗು ಎಲ್ಲಿಗೂ ಹೋಗಿಲ್ಲ.

ಕಳೆದ ತಿಂಗಳು ಕಾಲೇಜಿನ ಪ್ರಯೋಗಾಲಯದಿಂದ ಬಂದಳು
ಮುಬೀನಾ ನದಾಫ, ಪಿಎಚ್.ಡಿ. ಮಾಡುವ ಹುಡುಗಿ,
ಹತ್ತಿಯಲ್ಲಿ ಸುತ್ತಿದ ಅಲಗು ತಂದಿದ್ದಳು.
ಎರಕವಲ್ಲ, ಮುದ್ರಿಸಿದ್ದು.
ಚಪಾತಿಗೆ ಉದುರಿಸುವ ಹಿಟ್ಟಿಗಿಂತ ಸಣ್ಣ ನಿಕ್ಕಲ್ ಪುಡಿ,
ಒಂದು ಪದರ ಹರಡಿ ಲೇಸರಿನಿಂದ ಕರಗಿಸಿ,
ಮತ್ತೊಂದು ಪದರ, ಮತ್ತೂ ಒಂದು,
ಎರಡು ಸಾವಿರ ಸಲ.
ಒಳಗೆ ಬಳ್ಳಿಯಂತೆ ಹೆಣೆದ ಗಾಳಿಯ ದಾರಿ.
‘ತಾನು ಕರಗೋ ಬಿಸಿಗಿಂತ ಹೆಚ್ಚಿನ ಬಿಸಿಯಲ್ಲಿ
ನಿಲ್ಲಬೇಕು ಅಕ್ಕಾ ಇದು,’ ಎಂದಳು,
‘ಒಳಗಿನ ಉಸಿರಿನ ಮೇಲೆ.’

ಆ ದಾರಿಗಳಿಗೆ ನನ್ನ ಎಣ್ಣೆ ಇಳಿಯದು.
ಇಳಿದರೂ ದೀಪ ತಲುಪದು.
ಏಳು ವರ್ಷದ ಕಣ್ಣು ಅಲ್ಲಿಗೆ ಮುಗಿಯಿತು.

ಅವಳು ಅಲಗನ್ನು ಎರಡು ದಾರದಲ್ಲಿ ತೂಗುಬಿಟ್ಟು
ಕಡಲೆಯಷ್ಟು ಉಕ್ಕಿನ ಗುಂಡಿನಿಂದ ಬಡಿದಳು.
ಮೈಕು ಕೇಳಿತು. ಪರದೆಯ ಮೇಲೆ ಶಿಖರಗಳು ಎದ್ದವು.
ಪ್ರತಿ ಅಲಗಿಗೂ ತನ್ನದೇ ಸ್ವರವಂತೆ,
ಒಳಗೆಲ್ಲೋ ಬಿರಿದಿದ್ದರೆ ಒಂಚೂರು ಇಳಿಯುತ್ತದಂತೆ.
ನಾನು ಮೂಗಿಗೆ ಸುಟ್ಟ ಬೆಲ್ಲ ಬಂದವಳಂತೆ ನಿಂತುಬಿಟ್ಟೆ.

ರಾತ್ರಿ ಅಪ್ಪನಿಗೆ ಹೇಳಿದೆ, ಬಲಗಿವಿಯ ಕಡೆ ಕೂತು
(ಎಡಗಿವಿಯನ್ನು ಫೌಂಡ್ರಿ ತಿಂದಿದೆ).
ಹಿಗ್ಗುತ್ತಾನೆ ಅಂದುಕೊಂಡಿದ್ದೆ.
‘ಎಷ್ಟು ಇಳೀತೈತಿ?’
‘ಸಾವಿರದಾಗ ಮೂರು ಪಾಲು.’
ರೊಟ್ಟಿ ಮುರಿದವನು ಮುರಿದಲ್ಲೇ ನಿಂತ.
‘ಅಷ್ಟು ನನಗ ಕೇಳ್ತಿರಲಿಲ್ಲ ಬಿಡವಾ.’
ಸ್ವಲ್ಪ ಹೊತ್ತಿನ ಮೇಲೆ,
‘ಎಷ್ಟ ಬಿಟ್ಟೀನೋ ಏನೋ.’
ಪಂಪಲ್ಲವೇ ಅಪ್ಪಾ, ಎನ್ನಬೇಕೆಂದುಕೊಂಡೆ.
ಆ ನೀರು ಕುಡಿದ ಹೊಲಗಳು ನೆನಪಾಗಿ ಸುಮ್ಮನಾದೆ.

ಐದು ನಿಮಿಷ ಆಯಿತು.
ಒಂದು, ಎರಡು, ಮೂರು, ಏನಿಲ್ಲ.
ಏಳನೆಯದರ ಬುಡದಲ್ಲಿ ಕೂದಲೆಳೆಯ ಹಸಿರು.
ನಲವತ್ತೆರಡು.

ಕೆಂಪು ಪೆಟ್ಟಿಗೆಗೆ ಹಾಕುವ ಮೊದಲು
ಬಾಗಿಲತ್ತ ಒಮ್ಮೆ ನೋಡಿ
ಪೆನ್ನಿನ ತುದಿಯಿಂದ ಮೆಲ್ಲಗೆ ಬಡಿದೆ.

ಠಣ್ ಎಂದಿತು.
ಚಲೋ ಗಟ್ಟಿಯಾಗಿಯೇ.